ಲೂಕನ ಸುವಾರ್ತೆ 7ನೇ ಅಧ್ಯಾಯ: ಅಧ್ಯಯನ ಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗುರುವಾರ ಸಂಜೆ ನಮ್ಮ ಸಭೆಯ ಸತ್ಯವೇದ ಅಧ್ಯಯನಕ್ಕೆ ಹನ್ನೆರಡು ಹದಿನೈದು ಮಂದಿ ಸೇರುತ್ತೇವೆ. ಲೂಕ 7ನ್ನು ಈವರೆಗೆ ಮೂರು ಸಲ ಓದಿದ್ದೇವೆ. ಮೂರು ಸಲವೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದ್ದವು. ಬೇರೆ ಊರಿನ ಕೂಟದವರೂ ಫೋನ್ ಮಾಡಿ ಇವನ್ನೇ ಕೇಳುತ್ತಾರೆ. ಅದಕ್ಕೇ ಕೂತು ಬರೆದಿಟ್ಟಿದ್ದೇನೆ. ಪಕ್ಕದಲ್ಲಿ ಸತ್ಯವೇದ ತೆರೆದಿಟ್ಟುಕೊಂಡು ಓದಿ, ಇಲ್ಲದಿದ್ದರೆ ಅರ್ಧ ಪ್ರಯೋಜನವೂ ಆಗುವುದಿಲ್ಲ.

ಪೂರ್ತಿ ಅಧ್ಯಾಯ ಓದಬೇಕೇ, ಸೀಮೋನನ ಮನೆಯ ಊಟದ ಭಾಗ ಮಾತ್ರ ಸಾಕೇ?

ಪೂರ್ತಿ ಓದಿ. ಅಧ್ಯಾಯದಲ್ಲಿ 50 ವಚನಗಳಿವೆ. 1ರಿಂದ 10ರವರೆಗೆ ಕಪೆರ್ನೌಮಿನ ಶತಾಧಿಪತಿ, 11ರಿಂದ 17 ನಾಯಿನ್ ಊರಿನ ವಿಧವೆ, 18ರಿಂದ 35 ಸ್ನಾನಿಕನಾದ ಯೋಹಾನನ ಶಿಷ್ಯರು ತಂದ ಪ್ರಶ್ನೆ, 36ರಿಂದ 50 ಫರಿಸಾಯನಾದ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯರ ಗುಂಪಿನವನಾದ) ಸೀಮೋನನ ಮನೆಯ ಊಟ. ಭಾನುವಾರದ ಪ್ರಸಂಗದಲ್ಲಿ ಇವನ್ನು ಬೇರೆ ಬೇರೆ ದಿನ ಕೇಳಿರುತ್ತೇವೆ, ಹಾಗಾಗಿ ಒಂದರ ಬೆನ್ನಿಗೆ ಇನ್ನೊಂದು ಬಂದಿದೆ ಎಂಬುದೇ ಮರೆತುಹೋಗಿರುತ್ತದೆ. ಲೂಕನು ಸುಮ್ಮನೆ ಜೋಡಿಸಿಲ್ಲ. ನಾಯಿನಿನಲ್ಲಿ ಸತ್ತ ಹುಡುಗ ಎದ್ದು ಕೂತಾಗ ಜನ ಯೇಸುವನ್ನು ಮಹಾಪ್ರವಾದಿ ಎಂದು ಕೊಂಡಾಡುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿ ಸೀಮೋನನು ಮನಸ್ಸಿನಲ್ಲೇ, ಇವನು ಪ್ರವಾದಿಯಾಗಿದ್ದರೆ ತನ್ನನ್ನು ಮುಟ್ಟುತ್ತಿರುವವಳು ಎಂಥವಳೆಂದು ತಿಳಿಯುತ್ತಿರಲಿಲ್ಲವೇ ಎಂದುಕೊಳ್ಳುತ್ತಾನೆ. 34ನೇ ವಚನದಲ್ಲಿ ಯೇಸುವಿಗೆ ಹೊಟ್ಟೆಬಾಕ, ಕುಡುಕ, ಪಾಪಿಗಳ ಗೆಳೆಯ ಎಂಬ ಬೈಗುಳ ಇದೆ, ಅದಾದ ಎರಡೇ ವಚನಕ್ಕೆ ಆತನು ಊಟಕ್ಕೆ ಕೂತಿದ್ದಾನೆ, ಪಾಪಿಯೊಬ್ಬಳು ಬಾಗಿಲಲ್ಲಿದ್ದಾಳೆ.

ನಾವು ನಾಲ್ಕು ಗುರುವಾರ ತೆಗೆದುಕೊಂಡೆವು. ಕೊನೆಯ ಭಾಗಕ್ಕೆ ಎರಡು ಬೇಕಾಯಿತು.

ಶತಾಧಿಪತಿಯ ನಂಬಿಕೆಯಲ್ಲಿ ಅಂಥದ್ದೇನಿತ್ತು?

ಅವನು ನೂರು ಸೈನಿಕರ ಮೇಲಿನ ಅಧಿಕಾರಿ, ಅನ್ಯಜನಾಂಗದವನು, ಅಂದರೆ ಯೆಹೂದ್ಯನಲ್ಲ. ಆಳು ಸಾಯುವ ಸ್ಥಿತಿಯಲ್ಲಿದ್ದಾನೆ. ಮತ್ತಾಯನ ಸುವಾರ್ತೆಯಲ್ಲಿ (8:5-13) ಅವನೇ ಯೇಸುವಿನ ಬಳಿ ಬರುತ್ತಾನೆ. ಲೂಕನಲ್ಲಿ ಹಾಗಲ್ಲ, ಮೊದಲು ಯೆಹೂದ್ಯರ ಹಿರಿಯರನ್ನು ಕಳಿಸುತ್ತಾನೆ, ಆಮೇಲೆ ಗೆಳೆಯರನ್ನು. ಅಂದರೆ ಲೂಕನ ಪ್ರಕಾರ ಅವನೂ ಯೇಸುವೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.

ಹಿರಿಯರು ಹೇಳಿದ್ದು ಮತ್ತು ಅವನೇ ಹೇಳಿಕಳಿಸಿದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹಿರಿಯರ ಶಿಫಾರಸು ಹೀಗಿದೆ: ಇವನು ಯೋಗ್ಯ, ನಮ್ಮ ಜನರನ್ನು ಪ್ರೀತಿಸುತ್ತಾನೆ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ. ಅವನ ಮಾತು: ನೀನು ನನ್ನ ಮನೆಯೊಳಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳು ಸಾಕು. ಕಟ್ಟಿಸಿದ ಮಂದಿರದ ಸುದ್ದಿಯನ್ನೇ ಅವನು ಎತ್ತುವುದಿಲ್ಲ. ದೇವರ ಮುಂದೆ ಲೆಕ್ಕದ ಪುಸ್ತಕ ತೆರೆಯದೆ ಬೇಡುವುದನ್ನು ಯೇಸು ನಂಬಿಕೆ ಎಂದು ಕರೆದನು. ಇಸ್ರಾಯೇಲಿನಲ್ಲಿಯೂ ಇಂಥದ್ದನ್ನು ಕಾಣಲಿಲ್ಲ ಎಂದು ಬೆರಗಾದನು. ಕಥೋಲಿಕ ಬಂಧುಗಳಿಗೆ ಈ ಮಾತು ಬಾಯಿಪಾಠ. ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ಎಲ್ಲರೂ ಹೇಳುವ ಪ್ರಾರ್ಥನೆ ಇದೇ ಶತಾಧಿಪತಿಯದು.

ನಾಯಿನಿನ ವಿಧವೆಯನ್ನು ಕಂಡು ಯೇಸು "ಕನಿಕರಪಟ್ಟನು" ಎಂದರೆ ಅಯ್ಯೋ ಪಾಪ ಅಂದದ್ದೇ?

ಅಲ್ಲ. ಈ ಪದದ ಮೇಲೆ ಸ್ವಲ್ಪ ಹೊತ್ತು ಕೂರಬೇಕು.

7:13ರಲ್ಲಿ ಗ್ರೀಕ್ ಮೂಲದ ಕ್ರಿಯಾಪದ ಹುಟ್ಟಿದ್ದು "ಸ್ಪ್ಲಾಂಖ್ನ" ಎಂಬ ಪದದಿಂದ. ಹಾಗೆಂದರೆ ಕರುಳು, ಹೊಟ್ಟೆಯೊಳಗಿನ ಭಾಗಗಳು. ಕನ್ನಡದಲ್ಲಿ ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. "ಕರುಳು ಚುರ್ರೆಂದಿತು" ಎನ್ನುತ್ತೇವೆ, "ಕರುಳು ಕಿತ್ತು ಬಂತು" ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಓದುವವರಿಗೆ ಟಿಪ್ಪಣಿ ಬೇಕಾದೀತು, ನಮಗೆ ಅಜ್ಜಿಯ ಮಾತು ಸಾಕು. ನನ್ನ ಕೇಳಿದರೆ "ಆಕೆಯನ್ನು ಕಂಡು ಆತನ ಕರುಳು ಚುರ್ರೆಂದಿತು" ಎಂದೇ ಓದಿಕೊಳ್ಳಿ ಎನ್ನುತ್ತೇನೆ.

ಲೂಕನು ಈ ಕ್ರಿಯಾಪದವನ್ನು ಇಡೀ ಸುವಾರ್ತೆಯಲ್ಲಿ ಮೂರೇ ಕಡೆ ಬಳಸಿದ್ದಾನೆ. ಇಲ್ಲಿ ಒಮ್ಮೆ. ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನಿಗೆ ಒಮ್ಮೆ (10:33). ದೂರದಲ್ಲಿ ಬರುತ್ತಿರುವ ಮಗನನ್ನು ಕಂಡ ತಂದೆಗೆ ಒಮ್ಮೆ (15:20). ಮೂರೂ ಕಡೆ ಅದರ ಹಿಂದೆಯೇ "ಕಂಡು" ಎಂಬ ಪದ ಇದೆ. ಮೊದಲು ಕಣ್ಣಿಗೆ ಬೀಳುತ್ತದೆ, ಆಮೇಲೆ ಕರುಳಿಗೆ ತಾಗುತ್ತದೆ. ಈ "ಕಂಡು" ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಸೀಮೋನನ ಮನೆಯಲ್ಲಿ ಮತ್ತೆ ಬರುತ್ತದೆ.

ನಾಯಿನ್ ನಜರೇತಿಗೆ ಹತ್ತಿರದ ಊರು. ಹೆಬ್ಬಾಗಿಲಿನಿಂದ ಹೆಣ ಹೊರಗೆ ಬರುತ್ತಿದೆ. ಸತ್ತವನು ಒಬ್ಬನೇ ಮಗ, ತಾಯಿ ವಿಧವೆ. ಹಿಂದೆ ಮುಂದೆ ಯಾರೂ ಇಲ್ಲದ ಹೆಣ್ಣಿಗೆ ನಾಳೆಯ ಊಟ ಎಲ್ಲಿಂದ? ಆಕೆ ಏನನ್ನೂ ಕೇಳುವುದಿಲ್ಲ. ಯೇಸು ಯಾರೆಂಬುದೇ ಆಕೆಗೆ ಗೊತ್ತಿದ್ದಂತೆ ಕಾಣುವುದಿಲ್ಲ. ಆಕೆಯ ನಂಬಿಕೆಯ ಬಗ್ಗೆ ಲೂಕನು ಒಂದಕ್ಷರ ಬರೆದಿಲ್ಲ. ಯೇಸು "ಅಳಬೇಡ" ಎನ್ನುತ್ತಾನೆ, ಹತ್ತಿರ ಹೋಗಿ ಚಟ್ಟವನ್ನು ಮುಟ್ಟುತ್ತಾನೆ, ಹೊತ್ತವರು ನಿಲ್ಲುತ್ತಾರೆ. ಹೆಣ ಮುಟ್ಟಿದರೆ ಮೈಲಿಗೆ ಎಂಬ ವಿಧಿ ಇದ್ದ ಜನರ ನಡುವೆ ಚಟ್ಟಕ್ಕೆ ಕೈ ಇಟ್ಟದ್ದು ಸಣ್ಣ ಸಂಗತಿಯಲ್ಲ. ಹುಡುಗ ಎದ್ದ ಮೇಲೆ "ಅವನನ್ನು ಅವನ ತಾಯಿಗೆ ಕೊಟ್ಟನು" ಎಂದು ಬರೆದಿದೆ. ಚಾರೆಪ್ತಾ ಊರಿನ ವಿಧವೆಯ ಮಗನನ್ನು ಎಲೀಯನು ಎಬ್ಬಿಸಿದ ಪ್ರಸಂಗದಲ್ಲೂ (1 ಅರಸುಗಳು 17) ಇದೇ ಮಾತು ಬರುತ್ತದೆ. ಜನ ತಟ್ಟನೆ ಪ್ರವಾದಿ ಎಂದದ್ದು ಆ ನೆನಪಿನಿಂದ.

ಹೀಗಾಗಿ "ನನ್ನ ನಂಬಿಕೆ ಸಾಲದು, ಅದಕ್ಕೇ ದೇವರು ಕೇಳಲಿಲ್ಲ" ಎಂದು ಕೊರಗುವವರಿಗೆ ನಾನು ಮೊದಲು ಓದಿಸುವುದು ನಾಯಿನ್ ಪ್ರಸಂಗವನ್ನು.

ಸೀಮೋನನ ಮನೆಯ ಊಟದಲ್ಲಿ ಕಣ್ಣೀರಿನಿಂದ ಯೇಸುವಿನ ಪಾದ ನೆನೆಸಿ, ಭರಣಿಯ ಸುಗಂಧ ತೈಲ ಹಚ್ಚಿದ ಹೆಂಗಸು ಆತನ ಪಾದದ ಬಳಿ ನಿಂತದ್ದು ಹೇಗೆ? ಮೇಜಿನ ಕೆಳಗೆ ನುಸುಳಿದಳೇ?

ಚಿತ್ರಗಳಲ್ಲಿ ಕುರ್ಚಿ ಮೇಜು ಬರೆದಿರುವುದರಿಂದ ಈ ಗೊಂದಲ. ಮೂಲದಲ್ಲಿರುವ ಪದ "ಒರಗಿಕೊಂಡನು" ಎಂಬರ್ಥದ್ದು. ಔತಣದಲ್ಲಿ ಎಡಮೊಳಕೈ ಊರಿ, ತಲೆ ಊಟದ ಕಡೆಗೆ, ಕಾಲು ಹಿಂದಕ್ಕೆ ಚಾಚಿ ಒರಗಿಕೊಂಡು ಉಣ್ಣುತ್ತಿದ್ದರು. ಆಕೆ ಹಿಂದಿನಿಂದ ಬಂದರೆ ಮೊದಲು ಸಿಗುವುದೇ ಪಾದ.

ಕರೆಯದ ಆಕೆ ಒಳಗೆ ಬಂದದ್ದು ಹೇಗೆ?

ಲೂಕನು ಹೇಳಿಲ್ಲ. ಆದರೆ ಸೀಮೋನನ ತಕರಾರು ಆಕೆ ಮನೆಯೊಳಗೆ ಬಂದದ್ದಕ್ಕಲ್ಲ, ಯೇಸುವನ್ನು ಮುಟ್ಟಿದ್ದಕ್ಕೆ, ಮತ್ತು ಯೇಸು ಮುಟ್ಟಿಸಿಕೊಂಡದ್ದಕ್ಕೆ. ಅಷ್ಟನ್ನು ಗಮನಿಸಿದರೆ ಸಾಕು.

ಆಕೆ ವೇಶ್ಯೆ ಅಲ್ಲವೇ?

ಪ್ರಸಂಗಗಳಲ್ಲಿ ಎಷ್ಟು ಸಲ ಹಾಗೆ ಕೇಳಿದ್ದೇವೆಂದರೆ ವಾಕ್ಯದಲ್ಲೇ ಬರೆದಿದೆ ಎಂದುಕೊಂಡಿದ್ದೇವೆ. ಬರೆದಿಲ್ಲ. 37ನೇ ವಚನದಲ್ಲಿ ಇರುವುದು "ಆ ಊರಿನಲ್ಲಿದ್ದ ಪಾಪಿಯಾದ ಹೆಂಗಸು" ಎಂದಷ್ಟೇ. ವೇಶ್ಯೆ ಎಂಬ ಗ್ರೀಕ್ ಪದ ಲೂಕನಿಗೆ ಗೊತ್ತಿಲ್ಲದ್ದಲ್ಲ, 15:30ರಲ್ಲಿ ಬಳಸಿದ್ದಾನೆ. ಇಲ್ಲಿ ಬಳಸಿಲ್ಲ. ಇಲ್ಲಿ ಬಳಸಿರುವ ಪದವನ್ನೇ 5:8ರಲ್ಲಿ ಪೇತ್ರನು ಯೇಸುವಿನ ಮೊಣಕಾಲಿಗೆ ಬಿದ್ದು ತನಗೆ ತಾನೇ ಹೇಳಿಕೊಳ್ಳುತ್ತಾನೆ: ನಾನು ಪಾಪಿ, ನನ್ನನ್ನು ಬಿಟ್ಟುಹೋಗು ಸ್ವಾಮಿ. ಪೇತ್ರನ ಪಾಪ ಯಾವುದೆಂದು ಯಾರೂ ಊಹೆ ಮಾಡುತ್ತಾ ಕೂರುವುದಿಲ್ಲ. ಹೆಣ್ಣಿನ ವಿಷಯಕ್ಕೆ ಬಂದರೆ ಮಾತ್ರ ನಮ್ಮ ಊಹೆ ಒಂದೇ ಕಡೆಗೆ ಓಡುತ್ತದೆ. ಲೂಕನು ಮುಚ್ಚಿಟ್ಟ ಪುಟವನ್ನು ನಾವು ತೆರೆಯುವುದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಕೆಯ ಹೆಸರನ್ನೂ ಅವನು ಕೊಟ್ಟಿಲ್ಲ, ಪಾಪದ ವಿವರವನ್ನೂ ಕೊಟ್ಟಿಲ್ಲ. ಊರವರ ಬಾಯಿಗೆ ಬಿದ್ದು ಬದುಕಿದವಳಿಗೆ ಅದೊಂದು ಮರ್ಯಾದೆ ಎಂದೇ ನಾನು ಓದುತ್ತೇನೆ.

ಆಕೆ ಮಗ್ದಲದ ಮರಿಯಳೇ?

ಅಲ್ಲ. ಮಗ್ದಲದ ಮರಿಯಳು ಮುಂದಿನ ಅಧ್ಯಾಯದಲ್ಲಿ (8:2) ಮೊದಲ ಸಲ ಬರುತ್ತಾಳೆ, ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳೆಂದು. ಲೂಕನು ಇಬ್ಬರನ್ನೂ ಒಬ್ಬರೆಂದು ಹೇಳುವುದಿಲ್ಲ. 591ರಲ್ಲಿ ಪೋಪ್ ಮಹಾ ಗ್ರೆಗೊರಿ ಒಂದು ಪ್ರಸಂಗದಲ್ಲಿ ಈ ಹೆಂಗಸು, ಮಗ್ದಲದ ಮರಿಯಳು, ಬೇಥಾನ್ಯದ ಮರಿಯಳು ಮೂವರನ್ನೂ ಒಬ್ಬಳೇ ಎಂದು ಬೋಧಿಸಿದರು. ಪಶ್ಚಿಮದ ಸಭೆಯಲ್ಲಿ ಅದು ಸಾವಿರಕ್ಕೂ ಹೆಚ್ಚು ವರ್ಷ ಬೇರೂರಿ ನಿಂತಿತು. ಪೂರ್ವದ ಆರ್ಥಡಾಕ್ಸ್ ಸಭೆಗಳು ಅವರನ್ನು ಬೇರೆ ಬೇರೆಯಾಗಿಯೇ ಕಂಡಿವೆ. ಕಥೋಲಿಕ ಸಭೆಯು 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಈ ಬೆರಕೆಯನ್ನು ಕೈಬಿಟ್ಟಿತು. 2016ರಲ್ಲಿ ಜುಲೈ 22ರ ಮಗ್ದಲದ ಮರಿಯಳ ಸ್ಮರಣೆಯನ್ನು ಹಬ್ಬದ ದರ್ಜೆಗೇರಿಸಿತು. ಪುನರುತ್ಥಾನದ ಮೊದಲ ಸಾಕ್ಷಿಯಾದವಳ ಮೇಲೆ ಇಷ್ಟು ಕಾಲ ಬೇರೊಬ್ಬರ ಕಥೆ ಹೊರಿಸಿದ್ದೆವು.

ಬೇಥಾನ್ಯದಲ್ಲಿ ತೈಲ ಸುರಿದ ಘಟನೆಯೂ ಇದೂ ಒಂದೇ ಅಲ್ಲವೇ? ಅಲ್ಲಿಯೂ ಸೀಮೋನನ ಮನೆಯೇ.

ಅದು ಕುಷ್ಠರೋಗಿ ಎನಿಸಿಕೊಂಡ ಸೀಮೋನ, ಊರು ಯೆರೂಸಲೇಮಿನ ಪಕ್ಕದ ಬೇಥಾನ್ಯ, ಕಾಲ ಯೇಸುವಿನ ಮರಣಕ್ಕೆ ಕೆಲವೇ ದಿನ ಮುಂಚೆ (ಮತ್ತಾಯ 26, ಮಾರ್ಕ 14; ಯೋಹಾನ 12ರಲ್ಲಿಯೂ ಈ ಘಟನೆ ಇದೆ, ಅಲ್ಲಿ ಮಾತ್ರ ಮನೆಯ ಯಜಮಾನನ ಹೆಸರಿಲ್ಲ). ಅಲ್ಲಿನ ಜಗಳ ದುಡ್ಡಿನದು: ಮುನ್ನೂರು ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು. ಇಲ್ಲಿ ಬೆಲೆಯ ಮಾತೇ ಇಲ್ಲ. ಸೀಮೋನ ಎಂಬುದು ಆ ಕಾಲದ ಯೆಹೂದ್ಯರಲ್ಲಿ ಬಹಳ ಸಾಮಾನ್ಯ ಹೆಸರು, ಶಿಷ್ಯರಲ್ಲೇ ಇಬ್ಬರಿದ್ದರು. ಒಂದೇ ನೆನಪು ಎರಡು ದಾರಿಯಲ್ಲಿ ಬಂದಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಅಧ್ಯಯನಕ್ಕೆ ಮಾತ್ರ ಎರಡನ್ನೂ ಬೆರೆಸಬೇಡಿ. ಭರಣಿ ಒಡೆದದ್ದು ಮಾರ್ಕನಲ್ಲಿ, ಲೂಕನಲ್ಲಿ ಒಡೆದದ್ದಿಲ್ಲ.

ಸೀಮೋನನು ಮಾಡಿದ ತಪ್ಪಾದರೂ ಏನು? ಊಟಕ್ಕೆ ಕರೆದನಲ್ಲ!

ಕರೆದನು, ನಿಜ. ಅದನ್ನು ಕಡೆಗಣಿಸಬಾರದು. 44ರಿಂದ 46ರಲ್ಲಿ ಯೇಸು ಮೂರು ಕೊರತೆಗಳನ್ನು ಹೇಳುತ್ತಾನೆ: ಕಾಲಿಗೆ ನೀರು ಕೊಡಲಿಲ್ಲ, ಮುದ್ದಿಡಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ.

ನಾವು ಮೊದಲ ಸಲ ಇದನ್ನು ಓದಿದಾಗ ಕೂಟದಲ್ಲಿದ್ದ ಒಬ್ಬ ಅಜ್ಜಿ ನಡುವೆಯೇ ಬಾಯಿ ಹಾಕಿದರು. "ಕಾಲಿಗೆ ನೀರ ಕೊಡಲಿಲ್ಲ ಅಂದ ಮ್ಯಾಲೆ ಕರದದ್ದ ಯಾಕ?" ಅವರು ಬೆಳೆದ ಹಳ್ಳಿಮನೆಯಲ್ಲಿ ಬಾಗಿಲ ಪಕ್ಕ ತುಂಬಿದ ಕೊಡ, ಅದರ ಮೇಲೆ ತಂಬಿಗೆ ಸದಾ ಇರುತ್ತಿತ್ತಂತೆ. ಬಿಸಿಲಲ್ಲಿ ಬಂದವರು ಜಗಲಿ ಹತ್ತುವ ಮೊದಲೇ ಮನೆಯ ಸೊಸೆ ತಂಬಿಗೆ ನೀರು ತಂದು ಕೈಗಿಡಬೇಕು. ಬಂದವರು ಎರಡೂ ಕಾಲು ತೊಳೆದು, ಮುಖಕ್ಕೆ ಒಂದು ಬೊಗಸೆ ಹಾಕಿಕೊಂಡು, ಸೊಸೆ ಹಿಡಿದ ಪಂಜಿಯಲ್ಲಿ ಒರೆಸಿಕೊಂಡ ಮೇಲೆಯೇ "ಆರಾಮ ಅದೀರಿ?" ಎಂಬ ಮಾತು. ನೀರು ಬರಲಿಲ್ಲವೆಂದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಅಜ್ಜಿ ಹೇಳಿ ಮುಗಿಸುವಷ್ಟರಲ್ಲಿ ನನ್ನ ಟಿಪ್ಪಣಿಯ ಒಂದು ಪುಟ ಬೇಡವಾಯಿತು.

ಈಗ ಆ ಹೆಂಗಸು ಮಾಡಿದ್ದನ್ನು ನೋಡಿ. ನೀರಿನ ಬದಲು ಕಣ್ಣೀರು, ಪಂಜಿಯ ಬದಲು ಬಿಚ್ಚಿದ ಕೂದಲು. ಮುದ್ದಿಟ್ಟದ್ದು ಕೆನ್ನೆಗಲ್ಲ, ಪಾದಕ್ಕೆ. ಗ್ರೀಕಿನಲ್ಲಿ ಆ ಕ್ರಿಯಾಪದದ ರೂಪ "ಮುದ್ದಿಡುತ್ತಲೇ ಇದ್ದಳು" ಎಂಬರ್ಥ ಕೊಡುತ್ತದೆ. ಎಣ್ಣೆಯ ಬದಲು ಸುಗಂಧ ತೈಲ. ಮನೆಯ ಯಜಮಾನ ಮಾಡಬೇಕಾದ ಉಪಚಾರವನ್ನು ಕರೆಯದೆ ಬಂದವಳು ಮಾಡಿ ಮುಗಿಸಿದಳು.

ಆದರೂ ಇದು ನೀರಿನ ಲೆಕ್ಕವಷ್ಟೇ ಅಲ್ಲ. 39ನೇ ವಚನ ಓದಿ: ಸೀಮೋನನು ಇದನ್ನು "ಕಂಡು" ತನ್ನೊಳಗೆ ಹೀಗೆ ಅಂದುಕೊಂಡನು. ನಾಯಿನಿನಲ್ಲಿ ಯೇಸು ಕಂಡನು, ಕರುಳು ಚುರ್ರೆಂದಿತು. ಇಲ್ಲಿ ಸೀಮೋನನೂ ಕಂಡನು, ಅವನಿಗೆ ಹೊಳೆದದ್ದು ಆಕೆ "ಎಂಥವಳು" ಎಂಬುದು. ಅದಕ್ಕೇ 44ನೇ ವಚನದಲ್ಲಿ ಯೇಸು ಮುಖವನ್ನು ಆಕೆಯ ಕಡೆಗೆ ತಿರುಗಿಸಿ, ಮಾತನ್ನು ಸೀಮೋನನಿಗೆ ಆಡುತ್ತಾನೆ: "ಈ ಹೆಂಗಸನ್ನು ನೋಡುತ್ತೀಯಾ?" ಇಡೀ ಅಧ್ಯಾಯ ಈ ಪ್ರಶ್ನೆಯ ಮೇಲೆ ನಿಂತಿದೆ ಎಂದು ನನಗೆ ಅನ್ನಿಸುತ್ತದೆ. ಸೀಮೋನನು ಅಷ್ಟು ಹೊತ್ತೂ ಆಕೆಯ ಕಡೆಗೇ ನೋಡುತ್ತಿದ್ದನು, ಆದರೆ ಊರು ಆಕೆಗೆ ಅಂಟಿಸಿದ ಹೆಸರಿನಾಚೆ ಅವನ ಕಣ್ಣು ಹೋಗಿರಲಿಲ್ಲ.

ಐನೂರು ಮತ್ತು ಐವತ್ತು ದಿನಾರಿ ಅಂದರೆ ಎಷ್ಟು?

ಯೇಸು ಸೀಮೋನನಿಗೆ ಹೇಳಿದ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ಇಬ್ಬರು ಸಾಲಗಾರರಿದ್ದಾರೆ, ಒಬ್ಬನಿಗೆ ಐನೂರು, ಇನ್ನೊಬ್ಬನಿಗೆ ಐವತ್ತು ದಿನಾರಿ ಸಾಲ. ಸಾಲ ಕೊಟ್ಟವನು ಇಬ್ಬರದನ್ನೂ ಬಿಟ್ಟುಬಿಡುತ್ತಾನೆ, ಅವನನ್ನು ಯಾರು ಹೆಚ್ಚು ಪ್ರೀತಿಸುವರು ಎಂಬುದು ಯೇಸುವಿನ ಪ್ರಶ್ನೆ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಕೂಲಿ (ಮತ್ತಾಯ 20:2). ವಾರಕ್ಕೆ ಆರು ದಿನ ದುಡಿದರೆ ಐವತ್ತು ದಿನಾರಿ ಸುಮಾರು ಎರಡು ತಿಂಗಳ ದುಡಿಮೆ, ಐನೂರು ಒಂದೂವರೆ ವರ್ಷಕ್ಕೂ ಹೆಚ್ಚಿನದು. ಅದರಲ್ಲಿ ಒಂದು ಕಾಸೂ ಊಟಕ್ಕೆ ಖರ್ಚಾಗದಿದ್ದರೆ ಮಾತ್ರ! ಇಂದಿನ ರೂಪಾಯಿಗೆ ಹೋಲಿಸಬೇಕೆಂದರೆ ನಿಮ್ಮೂರಿನ ದಿನಗೂಲಿಯಿಂದ ಗುಣಿಸಿಕೊಳ್ಳಿ, ಗುಂಪಿನಲ್ಲಿ ಗಟ್ಟಿಯಾಗಿ ಹೇಳಿ. ಮುಖಗಳು ಬದಲಾಗುತ್ತವೆ.

ಮುಖ್ಯವಾದದ್ದು ಮೊತ್ತವಲ್ಲ, "ತೀರಿಸಲು ಇಬ್ಬರಿಗೂ ಗತಿಯಿರಲಿಲ್ಲ" ಎಂಬ ಮಾತು. ಸಾಲ ಮನ್ನಾ ಎಂದರೇನೆಂದು ನಮ್ಮ ರೈತ ಕುಟುಂಬಗಳಿಗೆ ವಿವರಿಸಬೇಕಿಲ್ಲ. ಮನ್ನಾ ಆದ ಹಣ ಗಾಳಿಯಲ್ಲಿ ಕರಗುವುದಿಲ್ಲ, ಕೊಟ್ಟವನು ಆ ನಷ್ಟವನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತಾನೆ. ಯೇಸು ಮಾತಾಡುತ್ತಿದ್ದ ಅರಮಾಯ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ನಡೆಯುತ್ತಿತ್ತು. ಹಾಗಾಗಿ ಸಾಮತಿ ಹೇಳುವಾಗಲೇ ಸೀಮೋನನಿಗೆ ಎಲ್ಲಿಗೆ ತಾಗುತ್ತಿದೆ ಎಂಬುದು ಅರ್ಥವಾಗಿರಬೇಕು. ಅವನ ಉತ್ತರದಲ್ಲಿ ಹಿಂಜರಿಕೆ ಇದೆ: ಹೆಚ್ಚು ಬಿಡಿಸಿಕೊಂಡವನೇ ಎಂದು ನೆನಸುತ್ತೇನೆ.

ಅರಸನಾದ ದಾವೀದನ ಮುಂದೆ ಪ್ರವಾದಿ ನಾತಾನನು ಕುರಿಮರಿಯ ಕಥೆ ಹೇಳಿ ಅವನ ಬಾಯಿಂದಲೇ ತೀರ್ಪು ಹೊರಡಿಸಿದ್ದು (2 ಸಮುವೇಲ 12) ನೆನಪಾಗುತ್ತದೆಯೇ? ಮೂರು ವರ್ಷದ ವಾಚನಚಕ್ರ ಅನುಸರಿಸುವ ಸಭೆಗಳಲ್ಲಿ ಮೂರನೆಯ ವರ್ಷದ ಒಂದು ಭಾನುವಾರ ಲೂಕ 7ರ ಈ ಭಾಗದ ಜತೆ ದಾವೀದ ನಾತಾನರ ಪ್ರಸಂಗವನ್ನೂ ಓದುತ್ತಾರೆ.

47ನೇ ವಚನ: ಹೆಚ್ಚು ಪ್ರೀತಿಸಿದ್ದರಿಂದ ಕ್ಷಮೆ ಸಿಕ್ಕಿತೋ, ಕ್ಷಮೆ ಸಿಕ್ಕಿದ್ದರಿಂದ ಪ್ರೀತಿಸಿದಳೋ?

ಅತಿ ಹೆಚ್ಚು ಚರ್ಚೆಯಾಗುವ ಪ್ರಶ್ನೆ ಇದು, ನಮ್ಮಲ್ಲಷ್ಟೇ ಅಲ್ಲ. ಹದಿನಾರನೆಯ ಶತಮಾನದಲ್ಲಿ ಕಥೋಲಿಕರೂ ಸುಧಾರಕರೂ ಈ ವಚನ ಹಿಡಿದು ವಾದಿಸಿದ್ದಾರೆ.

"ಇವಳ ಬಹಳ ಪಾಪಗಳು ಕ್ಷಮಿಸಲ್ಪಟ್ಟಿವೆ, ಏಕೆಂದರೆ ಇವಳು ಬಹಳ ಪ್ರೀತಿಸಿದಳು" ಎಂದು ಓದಿದರೆ ಪ್ರೀತಿ ಕಾರಣ, ಕ್ಷಮೆ ಫಲ ಎಂದು ತೋರುತ್ತದೆ. ಆದರೆ "ಏಕೆಂದರೆ" ಎಂಬುದನ್ನು ನಾವು ಎರಡು ರೀತಿಯಲ್ಲಿ ಬಳಸುತ್ತೇವೆ. "ರಾತ್ರಿ ಮಳೆ ಬಂದಿದೆ, ಯಾಕಂದ್ರೆ ಅಂಗಳ ಒದ್ದೆಯಾಗಿದೆ." ಅಂಗಳ ಒದ್ದೆಯಾದದ್ದರಿಂದ ಮಳೆ ಬರಲಿಲ್ಲ. ಒದ್ದೆ ಅಂಗಳ ಮಳೆ ಬಂದದ್ದಕ್ಕೆ ಸಾಕ್ಷಿ. ಗ್ರೀಕಿನ ಆ ಅವ್ಯಯವೂ ಹೀಗೆಯೇ ಎರಡೂ ಕೆಲಸ ಮಾಡುತ್ತದೆ.

ಇಲ್ಲಿ ಯಾವುದು? ಸಾಮತಿಯನ್ನೇ ಕೇಳಿ. ಸಾಲಗಾರರು ಪ್ರೀತಿಸಿದ್ದು ಮನ್ನಾ ಆದ ಮೇಲೆ, ಪ್ರೀತಿ ತೋರಿಸಿ ಮನ್ನಾ ಮಾಡಿಸಿಕೊಂಡದ್ದಲ್ಲ. ಅದೇ ವಚನದ ಎರಡನೇ ಅರ್ಧ ನೋಡಿ, ಯಾವನಿಗೆ ಸ್ವಲ್ಪವೇ ಕ್ಷಮೆ ಸಿಕ್ಕಿದೆಯೋ ಅವನು ಸ್ವಲ್ಪವೇ ಪ್ರೀತಿಸುತ್ತಾನೆ ಎಂದಿದೆ. ಮೊದಲು ಕ್ಷಮೆ, ಆಮೇಲೆ ಪ್ರೀತಿ. "ಕ್ಷಮಿಸಲ್ಪಟ್ಟಿವೆ" ಎಂಬ ಕ್ರಿಯಾಪದವೂ ಆಗಿ ಮುಗಿದು ಈಗಲೂ ಅದರ ಫಲ ನಿಂತಿರುವ ಕೆಲಸವನ್ನು ಸೂಚಿಸುವ ರೂಪದಲ್ಲಿದೆ. ಆಕೆ ಭರಣಿ ಹಿಡಿದು ಬಂದದ್ದು ಕ್ಷಮೆ ಕೊಳ್ಳಲು ಅಲ್ಲ. ಯೇಸುವಿನ ಮಾತನ್ನು ಎಲ್ಲಿಯೋ ಕೇಳಿ, ತನಗೂ ಜಾಗವಿದೆ ಎಂದು ನಂಬಿ, ಆ ನಂಬಿಕೆ ಹೊಟ್ಟೆಯೊಳಗೆ ತಡೆಯಲಾಗದೆ ಬಂದಳು. ಅದಕ್ಕೇ ಕೊನೆಯ ವಚನದಲ್ಲಿ "ನಿನ್ನ ಪ್ರೀತಿ ನಿನ್ನನ್ನು ರಕ್ಷಿಸಿತು" ಎಂದಿಲ್ಲ, "ನಿನ್ನ ನಂಬಿಕೆ" ಎಂದಿದೆ.

ಹಾಗಾದರೆ ದೊಡ್ಡ ಪಾಪ ಮಾಡಿದವರಿಗೇ ಲಾಭ ಎಂದಾಯಿತಲ್ಲ? ಚಿಕ್ಕಂದಿನಿಂದ ಸಭೆಯಲ್ಲಿ ಬೆಳೆದ ನಾವು ಕಡಿಮೆ ಪ್ರೀತಿಸುವವರೇ?

ಈ ಪ್ರಶ್ನೆ ಕೇಳಿದ ಯುವಕ ನಿಜವಾಗಿಯೂ ನೊಂದಿದ್ದ. ಸೀಮೋನನ ಸಾಲ ಕಡಿಮೆ ಎಂದು ಯೇಸು ಎಲ್ಲಿಯೂ ಒಪ್ಪಿಕೊಂಡಿಲ್ಲ ಎಂದು ಅವನಿಗೆ ಹೇಳಿದೆ. ಸಾಮತಿಯ ಐವತ್ತು ದಿನಾರಿ ಸೀಮೋನನೇ ತನಗೆ ಹಾಕಿಕೊಂಡ ಲೆಕ್ಕ. ಮೊತ್ತ ಎಷ್ಟಾದರೂ ತೀರಿಸಲು ಕೈಯಲ್ಲಿ ಕಾಸಿಲ್ಲ ಎಂಬುದರಲ್ಲಿ ಇಬ್ಬರೂ ಒಂದೇ. ಹೆಚ್ಚು ಪ್ರೀತಿಸಲು ಹೆಚ್ಚು ಪಾಪ ಮಾಡಬೇಕಾಗಿಲ್ಲ, ಇರುವ ಸಾಲದ ಚೀಟಿಯನ್ನು ಪೂರ್ತಿ ಓದಿದರೆ ಸಾಕು.

ಆಕೆ ಒಂದು ಮಾತೂ ಆಡಲಿಲ್ಲವಲ್ಲ. ಪಾಪ ಒಪ್ಪಿಕೊಳ್ಳದೆ ಕ್ಷಮೆ ಸಿಗುತ್ತದೆಯೇ?

ಹೌದು, ಹದಿನೈದು ವಚನಗಳಲ್ಲಿ ಆಕೆಯ ಒಂದು ಪದವೂ ಇಲ್ಲ. ಅಷ್ಟು ಜನರ ಮುಂದೆ, ಅಷ್ಟು ಕಣ್ಣುಗಳ ನಡುವೆ, ಪಾದ ನೆನೆಯುವಷ್ಟು ಅತ್ತವಳಿಂದ ಬೇರೆ ಯಾವ ಒಪ್ಪಿಗೆ ಬೇಕು? ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಚೆನ್ನಾಗಿ ಮಾತಾಡಬಲ್ಲವರ ಪ್ರಾರ್ಥನೆಗೆ ಹೆಚ್ಚು ಬೆಲೆ ಬಂದುಬಿಟ್ಟಿದೆ. ಹಿಂದಿನ ಸಾಲಿನಲ್ಲಿ ಸೆರಗು ಮುಖಕ್ಕೆ ಹಿಡಿದು ಕೂತವರ ಪ್ರಾರ್ಥನೆಯೂ ಮುಟ್ಟುತ್ತದೆ ಎಂಬುದಕ್ಕೆ ಈ ಭಾಗವೇ ಆಧಾರ.

"ನಿನ್ನ ಗಂಡನನ್ನು ಕ್ಷಮಿಸಿ ಮನೆಗೆ ಹೋಗು" ಎಂದು ಈ ವಾಕ್ಯ ತೋರಿಸಿ ಹೇಳುತ್ತಾರೆ. ಗಂಡ ಹೊಡೆಯುತ್ತಾರೆ. ನಾನೇನು ಮಾಡಲಿ?

ಈ ವಾಕ್ಯ ಹಾಗೆ ಹೇಳುವುದಿಲ್ಲ ಅಕ್ಕ. ದಯವಿಟ್ಟು ನಿಧಾನವಾಗಿ ಓದಿ. ಇಲ್ಲಿ ಕ್ಷಮೆ ಕೊಡುವವನು ಯೇಸು. ಕ್ಷಮೆ ಪಡೆಯುವವಳು ಅತ್ತು, ಬಾಗಿ, ಬದುಕು ತಿರುಗಿಸಿಕೊಂಡು ಬಂದವಳು. ಪೆಟ್ಟು ತಿಂದವರನ್ನು ಪೆಟ್ಟು ಕೊಟ್ಟವನ ಮನೆಗೆ ವಾಪಸ್ಸು ಕಳಿಸಿದ್ದು ಈ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. "ಸಮಾಧಾನದಿಂದ ಹೋಗು" ಎಂದು ಯೇಸು ಹೇಳಿದ್ದು ಅವಮಾನದಿಂದ ಬಿಡುಗಡೆಯಾದವಳಿಗೆ. ಮನಸ್ಸಿನಲ್ಲಿ ದ್ವೇಷ ಹೊರದೆ ಇರುವುದು ಒಂದು, ಮೈಯನ್ನು ಮತ್ತೆ ಹೊಡೆತಕ್ಕೆ ಒಡ್ಡುವುದು ಇನ್ನೊಂದು. ಮೊದಲು ನೀವೂ ಮಕ್ಕಳೂ ಸುರಕ್ಷಿತವಾಗಿರುವ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಾದರೆ 112ಕ್ಕೆ ಕರೆ ಮಾಡಿ. ದೂರು ಕೊಡುವುದು ಪಾಪವಲ್ಲ. ಸಭೆಯ ಹಿರಿಯರು ಇದಕ್ಕೆ ಅಡ್ಡ ಬಂದರೆ, ವಾಕ್ಯವನ್ನು ತಪ್ಪಾಗಿ ಓದಿದವರು ಅವರು, ನೀವಲ್ಲ.

ಫರಿಸಾಯರೆಲ್ಲ ಕಪಟಿಗಳಲ್ಲವೇ?

ಅಲ್ಲ. ಧರ್ಮಶಾಸ್ತ್ರವನ್ನು ದಿನನಿತ್ಯದ ಬದುಕಿಗೆ ತರಲು ಶ್ರದ್ಧೆಯಿಂದ ಹೆಣಗಿದ, ಸಾಮಾನ್ಯ ಜನರು ಗೌರವಿಸುತ್ತಿದ್ದ ಗುಂಪು ಅದು. ಪೌಲನು ತಾನು ಫರಿಸಾಯನೆಂದು ಹೇಳಿಕೊಳ್ಳಲು ಹಿಂಜರಿಯಲಿಲ್ಲ. ಲೂಕನ ಸುವಾರ್ತೆಯಲ್ಲಿ ಯೇಸು ಮೂರು ಸಲ ಫರಿಸಾಯರ ಮನೆಯಲ್ಲಿ ಊಟ ಮಾಡುತ್ತಾನೆ (7:36, 11:37, 14:1). "ಫರಿಸಾಯ" ಎಂಬುದನ್ನು ಬೈಗುಳವಾಗಿ ಬಳಸುವ ಚಾಳಿ ಯೆಹೂದ್ಯರ ಮೇಲಿನ ಹಗೆಗೆ ನೂರಾರು ವರ್ಷ ಸೌದೆ ಒಟ್ಟಿದೆ. ಪಾಪಿಗಳ ಗೆಳೆಯ ಎನಿಸಿಕೊಂಡವನು ಸೀಮೋನನ ಕರೆಯನ್ನೂ ತಳ್ಳಿಹಾಕಲಿಲ್ಲ. ಅವನನ್ನು ಹೆಸರು ಹಿಡಿದು ಕರೆದನು: "ಸೀಮೋನನೇ, ನಾನು ನಿನಗೆ ಹೇಳಬೇಕಾದ ಒಂದು ಮಾತಿದೆ." ಅಲ್ಲಿಯವರೆಗೆ ಲೂಕನು ಅವನನ್ನು ಬರೀ "ಫರಿಸಾಯನು" ಎಂದೇ ಬರೆದಿದ್ದ. ಯೇಸುವಿನ ಬಾಯಿಂದಲೇ ನಮಗೆ ಅವನ ಹೆಸರು ಗೊತ್ತಾಗುವುದು.

ಯಾವ ಕನ್ನಡ ಅನುವಾದ ಒಳ್ಳೆಯದು?

ಕನ್ನಡದ ಪೂರ್ತಿ ಸತ್ಯವೇದ 1831ರಲ್ಲಿ ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಹೊರಬಂತು. ಆಮೇಲೆ ಹಲವು ಪರಿಷ್ಕರಣೆಗಳಾದವು. ಬೈಬಲ್ ಸೊಸೈಟಿಯ ಹಳೆಯ ಸತ್ಯವೇದ ಗಟ್ಟಿಯಾಗಿ ಓದಲು ಚೆನ್ನ, ಸರಳ ಭಾಷೆಯ ಆವೃತ್ತಿ ಹೊಸಬರಿಗೆ ಚೆನ್ನ. ನಾವು ಎರಡನ್ನೂ ಇಟ್ಟುಕೊಳ್ಳುತ್ತೇವೆ. 47ನೇ ವಚನವನ್ನಂತೂ ಎರಡರಲ್ಲೂ ಓದಲೇಬೇಕು. ನಾವು "ನಂಬಿಕೆ" ಎನ್ನುವ ಕಡೆ ಕಥೋಲಿಕರು "ವಿಶ್ವಾಸ" ಎನ್ನುತ್ತಾರೆ, "ಸುವಾರ್ತೆ"ಗೆ "ಶುಭಸಂದೇಶ" ಎನ್ನುತ್ತಾರೆ. ಜತೆಗೆ ಕೂತು ಓದುವಾಗ ಇದರಿಂದ ತೊಂದರೆಯೇನಿಲ್ಲ.

ಗುಂಪಿನಲ್ಲಿ ಹೇಗೆ ಓದಬೇಕು?

ಮೊದಲು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ. ಎರಡನೇ ಸಲ ಪಾತ್ರ ಹಂಚಿ: ಯೇಸು, ಸೀಮೋನ, ಊಟಕ್ಕೆ ಕೂತವರು, ನಿರೂಪಕ. ಆಕೆಯ ಪಾತ್ರಕ್ಕೂ ಒಬ್ಬರನ್ನು ಹೆಸರಿಸಿ, ಅವರು ಸುಮ್ಮನೆ ಕೂತಿರಬೇಕು. ನಮ್ಮಲ್ಲಿ ಆ ಪಾತ್ರ ವಹಿಸಿದ ತಾಯಿಯೊಬ್ಬರು ಓದು ಮುಗಿದ ಮೇಲೆ, "ಎಲ್ಲಾರೂ ನನ್ನ ಬಗ್ಗೆನೇ ಮಾತಾಡಿದ್ರಿ, ಅವನೊಬ್ಬನೇ ನನ್ನ ಕೂಡ ಮಾತಾಡಿದ" ಎಂದರು. ಅವರು ಹೇಳಿದ್ದು 48 ಮತ್ತು 50ನೇ ವಚನಗಳನ್ನು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋಗಬೇಡಿ. ಒಂದೇ ಪ್ರಶ್ನೆ ಸಾಕು: ಈ ಮನೆಯಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ?

ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸಬಹುದೇ?

ಖಂಡಿತ. ಆಕೆಯ ಪಾಪದ ಗೋಜಿಗೆ ಹೋಗಬೇಡಿ. ಒಂದು ಬೋಗುಣಿ, ತಂಬಿಗೆ, ಟವೆಲ್ ಇಟ್ಟು, ಮನೆಗೆ ಬಂದವರನ್ನು ಹೇಗೆ ಉಪಚರಿಸುತ್ತೀರಿ ಎಂದು ಕೇಳಿ ಶುರುಮಾಡಿ. ಸಾಲದ ಸಾಮತಿ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಹತ್ತು ಗೋಲಿ ಸಾಲ, ನೂರು ಗೋಲಿ ಸಾಲ ಎಂದರೆ ಸಾಕು.

ಕೊನೆಗೆ ಸೀಮೋನನಿಗೆ ಏನಾಯಿತು?

ಲೂಕನು ಬರೆದಿಲ್ಲ. ಊಟಕ್ಕೆ ಕೂತವರು, ಪಾಪಗಳನ್ನು ಸಹ ಕ್ಷಮಿಸುವ ಇವನು ಯಾರು ಎಂದು ತಮ್ಮತಮ್ಮೊಳಗೆ ಅಂದುಕೊಳ್ಳುತ್ತಾರೆ. ಆಕೆಗೆ ಸಮಾಧಾನದಿಂದ ಹೋಗು ಎಂಬ ಅಪ್ಪಣೆ ಸಿಗುತ್ತದೆ. ಸೀಮೋನನು ಮಾತ್ರ 43ನೇ ವಚನದ ನಂತರ ಬಾಯಿ ತೆರೆಯುವುದಿಲ್ಲ. "ಈ ಹೆಂಗಸನ್ನು ನೋಡುತ್ತೀಯಾ?" ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ವಾಕ್ಯದಲ್ಲಿ ಇಲ್ಲ. ಅದೇ ಮನೆಯಲ್ಲಿ, ಅದೇ ಊಟದ ಮುಂದೆ ಇನ್ನೂ ಒರಗಿಕೊಂಡೇ ಇದ್ದಾನೆ, ಎದ್ದು ನೀರು ತಂದನೋ ಇಲ್ಲವೋ ತಿಳಿಯದು.